ಎರಡನೇ ಚರಣ

ಗುನ್ಸಾನ್,
ಅಕ್ಟೋಬರ್ ೧೬, ೨೦೨೪, ಬುಧವಾರ ಬೆಳಿಗ್ಗೆ

ಪ್ರೀತಿಯ ತಂಗಿ ಇನ್‌ಸುಕ್,

ಹೇಗಿದ್ದೀಯ? ಆಪರೇಷನ್ ಆದ ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುತ್ತಿದೆಯೇ? ನಿನ್ನ ಮೊಮ್ಮಗಳು ಲೀನಾಳನ್ನು ಕೇಳಿದರೆ ‘ಅಜ್ಜಿ ಓಡ್ತಾಳೆ’ ಅನ್ನುತ್ತಾಳೆ. ಅವಳು ಕಲಿತಿರುವ ನಮ್ಮ ಭಾಷೆಯಲ್ಲಿ ನಡೆಯುವುದಕ್ಕೂ ಓಡುವುದಕ್ಕೂ ಬೇರೆ ಬೇರೆ ಪದಗಳಿವೆಯೋ ಇಲ್ಲವೋ ಎಂದು ನನಗೆ ಅನುಮಾನ, ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ. ಜರ್ಮನಿಯಲ್ಲಿ, ನಿಮ್ಮ ಎಸ್ಸೆನ್‌ನಲ್ಲಿ, ಈಗಾಗಲೇ ಚಳಿ ಶುರುವಾಗಿದೆಯಂತೆ. ಮೊಣಕಾಲಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ, ಚಂದ ಕಾಣುವುದಿಲ್ಲ ಎಂದು ಹಠ ಮಾಡಬೇಡ. ಎಪ್ಪತ್ತೆರಡಕ್ಕೆ ಇನ್ನು ಯಾರು ನೋಡಬೇಕು? ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಎಡಗಿವಿ ಪೂರ್ತಿ ಹೋಯಿತು. ನಿನ್ನ ಅತ್ತಿಗೆ ಬೈಯುವಾಗ ಆ ಕಡೆಗೆ ತಿರುಗಿ ಕೂರುತ್ತೇನೆ, ಅಷ್ಟರಮಟ್ಟಿಗೆ ಅನುಕೂಲವೇ. ಅವಳಿಗೆ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ನಾಲಿಗೆ ಮಾತ್ರ ಹಿಡಿತದಲ್ಲಿಲ್ಲ. ಬೇಕರಿಯ ಮುಂದೆ ಹೋದಾಗಲೆಲ್ಲ ಕೆಂಪು ಅವರೆಯ ಹೂರಣ ತುಂಬಿದ ಬನ್ನು ಬೇಕೆನ್ನುತ್ತಾಳೆ. ಲೀನಾಳ ಪೆಟ್ಟಿಗೆಯಲ್ಲಿ ಒಣಮೀನು, ಮೆಣಸಿನ ಪುಡಿ, ಕಡಲಪಾಚಿಯ ಹಾಳೆಗಳನ್ನೆಲ್ಲ ತುರುಕಿದ್ದಾಳೆ. ಮೀನನ್ನು ಏಳು ಸುತ್ತು ಕಾಗದದಲ್ಲಿ ಸುತ್ತಿದ್ದರೂ ಮಗುವಿನ ಬಟ್ಟೆಗೆ ವಾಸನೆ ಹತ್ತಿದರೆ ಬೈಯಬೇಡ, ಅತ್ತಿಗೆಯ ಪ್ರೀತಿ ಯಾವತ್ತೂ ವಾಸನೆಯ ಸಮೇತವೇ ಬರುವುದು.

ಈ ಕಾಗದವನ್ನು ಲೀನಾಳ ಕೈಯಲ್ಲೇ ಕಳುಹಿಸುತ್ತಿದ್ದೇನೆ. ಹನ್ನೊಂದು ಗಂಟೆಯ ಬಸ್ಸಿಗೆ ಅವಳು ಇಂಚಾನ್ ವಿಮಾನ ನಿಲ್ದಾಣಕ್ಕೆ ಹೊರಡುತ್ತಾಳೆ. ಮನೆ ಈಗಲೇ ಬಣಬಣ ಅನ್ನಿಸುತ್ತಿದೆ. ಎರಡು ವಾರದ ಹಿಂದೆ ಬಸ್‌ ನಿಲ್ದಾಣದಲ್ಲಿ ಇಳಿದಾಗ ನಾನು ಅವಳ ಗುರುತೇ ಹಿಡಿಯಲಿಲ್ಲ. ಅಷ್ಟೆತ್ತರ, ಕಂದು ಕೂದಲು, ಅದರಲ್ಲೊಂದು ಎಳೆಗೆ ನೇರಳೆ ಬಣ್ಣ. ಆದರೆ ನಗುವಾಗ ಕಣ್ಣೆರಡೂ ಗೆರೆಗಳಾಗುತ್ತವೆ ನೋಡು, ಅದು ನಮ್ಮ ಅಮ್ಮನದೇ. ಹತ್ತಿರ ಬಂದವಳೇ ಸೊಂಟ ಬಗ್ಗಿಸಿ ನಮಸ್ಕರಿಸಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ‘ಅಜ್ಜ, ನೀನು ಊಟ ಮಾಡಿದ್ಯಾ?’ ಎಂದಳು. ಟಿಕೆಟ್ ಕೊಡುವವಳು ಬೆಚ್ಚಿಬಿದ್ದಳು. ನಿನ್ನ ಮೊಮ್ಮಗಳು ಭಾಷೆಯನ್ನು ಹಾಡುಗಳಿಂದ, ಧಾರಾವಾಹಿಗಳಿಂದ ಕಲಿತವಳಲ್ಲವೇ, ಹಾಡಿನಲ್ಲಿ ಪ್ರಿಯಕರನಿಗೆ ಹೇಳುವ ‘ನೀನು’ ಅವಳಿಗೆ ಎಲ್ಲರಿಗೂ ಸಲ್ಲುತ್ತದೆ. ರಾಜರ ಕಾಲದ ಧಾರಾವಾಹಿಯಿಂದ ಕಲಿತ ಗೌರವದ ಮಾತನ್ನು ನಮ್ಮ ಪಕ್ಕದ ಮನೆಯ ಬೆಕ್ಕಿಗೆ ಬಳಸುತ್ತಾಳೆ. ‘ತಾವು ದಯಮಾಡಿಸಿ’ ಎಂದು ಬೆಕ್ಕನ್ನು ಕರೆಯುವುದನ್ನು ಕೇಳಿ ನಿನ್ನ ಅತ್ತಿಗೆ ಸೌಟು ಕೈಬಿಟ್ಟು ನಕ್ಕಳು. ತಿದ್ದೋಣ ಎಂದುಕೊಂಡೆ, ಮನಸ್ಸಾಗಲಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ‘ನೀನು’ ಎನ್ನುವವರು ಇನ್ನು ಯಾರಿದ್ದಾರೆ ಹೇಳು.

ಸರ್ಕಾರದ ವೈಭವವನ್ನು ನಿನಗೆ ಬರೆಯಲೇಬೇಕು. ಹೊರದೇಶದ ಮಕ್ಕಳಿಗೆ ನಮ್ಮ ಹಾಡಿನ ಸ್ಪರ್ಧೆ; ಹೋಗಿಬರುವ ವಿಮಾನ ಟಿಕೆಟ್, ಹೋಟೆಲು, ಊಟ, ಹಾಡು ಕಲಿಸುವ ಮೇಷ್ಟ್ರು, ಕುಣಿತ ಕಲಿಸುವ ಮೇಷ್ಟ್ರು, ಎಲ್ಲ ಸರ್ಕಾರದ್ದೇ. ನಲವತ್ತು ದೇಶದಿಂದ ಆರಿಸಿ ತಂದಿದ್ದಾರೆ. ಜರ್ಮನಿಯಿಂದ ನಮ್ಮವಳೊಬ್ಬಳೇ. ಅವಳು ಇಲ್ಲಿಗೆ ಬರುತ್ತಾಳೆಂದು ಯಾರು ಬಾಯಿಬಿಟ್ಟರೋ, ನಮ್ಮ ಬೀದಿಯ ಕೊನೆಯಲ್ಲಿ ‘ಗುನ್ಸಾನಿನ ಮೊಮ್ಮಗಳಿಗೆ ಸ್ವಾಗತ’ ಎಂದು ಬ್ಯಾನರ್ ಕಟ್ಟಿದರು. ವಾರ್ಡ್ ಕಚೇರಿಯ ಮುಖ್ಯಸ್ಥರು ಒಂದು ಪೆಟ್ಟಿಗೆ ಪೇರು ಹಣ್ಣು ತಂದು, ಅವಳ ಜೊತೆ ಫೋಟೋ ತೆಗೆಸಿಕೊಂಡು, ‘ಇವಳು ನಮ್ಮ ದೇಶದ ಆಸ್ತಿ ಕಣ್ರೀ’ ಎಂದು ನನ್ನ ಬೆನ್ನು ತಟ್ಟಿದರು. ನನಗೆ ನಗು ಬಂತು. ನಿನಗೆ ನೆನಪಿದೆಯಲ್ಲ, ಐವತ್ತು ವರ್ಷದ ಹಿಂದೆ ಅದೇ ತಿರುವಿನಲ್ಲಿ ಪೊಲೀಸರು ಕತ್ತರಿ ಹಿಡಿದು ನಿಂತು ನಿನ್ನ ಹಾಡಿಗೆ ಗಿಟಾರ್ ನುಡಿಸುತ್ತಿದ್ದ ಹುಡುಗನ ಉದ್ದ ಕೂದಲನ್ನು ಕತ್ತರಿಸಿದ್ದು, ಅವನು ಮೂರು ತಿಂಗಳು ಟೋಪಿ ಹಾಕಿಕೊಂಡೇ ವೇದಿಕೆ ಹತ್ತಿದ್ದು. ಹುಡುಗಿಯರ ಸ್ಕರ್ಟ್ ಅಳೆಯಲು ಅವರ ಹತ್ತಿರ ಸ್ಕೇಲು ಬೇರೆ ಇರುತ್ತಿತ್ತು. ಈಗ ಅದೇ ಸರ್ಕಾರ ನೀಲಿ ಕೂದಲಿನ ಹುಡುಗರ ಚಿತ್ರವನ್ನು ರಾಯಭಾರ ಕಚೇರಿಯ ಗೋಡೆಗೆ ಹಾಕುತ್ತದೆ. ಅವತ್ತು ಪರದೇಶದವರನ್ನು ಅನುಕರಿಸುತ್ತೀರಿ ಎಂದು ಹಾಡುಗಳನ್ನು ನಿಲ್ಲಿಸಿದರು; ಇವತ್ತು ಪರದೇಶದವರು ನಮ್ಮನ್ನು ಅನುಕರಿಸಲಿ ಎಂದು ಟಿಕೆಟ್ ಕಳಿಸುತ್ತಾರೆ. ದೂರುತ್ತಿಲ್ಲ, ಆ ಟಿಕೆಟ್ಟಿನಿಂದಲೇ ಅಲ್ಲವೇ ನಾನು ನಿನ್ನ ಮೊಮ್ಮಗಳ ತಲೆ ಸವರಿದ್ದು.

ಬಂದ ಮಾರನೆಯ ದಿನ ಮೂಲಂಗಿ ಸಾರಿಗೆ ಅನ್ನ ಹಾಕಿಕೊಂಡು ಕಲಸುತ್ತಾ ಲೀನಾ ತಾನು ಬಂದ ಕೆಲಸ ಹೇಳಿದಳು. ಸ್ಪರ್ಧೆಯ ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರೂ ಒಂದು ಹಳೆಯ ಹಾಡು ಹಾಡಬೇಕು. ಉಳಿದ ಮಕ್ಕಳು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಆರಿಸಿಕೊಂಡಿದ್ದಾರೆ. ಇವಳು ಅರ್ಜಿಯಲ್ಲಿ ‘ಜಾಂಗ್‌ಹಾಂಗ್ ದೋಣಿ’ ಎಂದು ಬರೆದುಕೊಟ್ಟಿದ್ದಾಳೆ. ನಿನ್ನ ಹಾಡು. ನೀನು ಅಡುಗೆಮನೆಯಲ್ಲಿ ಹಿಟ್ಟು ಕಲಸುವಾಗ ಗುನುಗುವುದನ್ನು ಕೇಳಿ ಕೇಳಿ ಕಲಿತಳಂತೆ. ಅಲ್ಲೇ ಚಾಪೆಯ ಮೇಲೆ ಕೂತು ಹಾಡಿಯೂ ತೋರಿಸಿದಳು.

ಆಚೆ ದಡದ ಚಿಮಣಿ ಹೊಗೆ ಬಿಡುತಿದೆ,
ಕೊನೆಯ ದೋಣಿ ಗಂಟೆ ಬಾರಿಸುತಿದೆ,
ಅಮ್ಮನ ಕೈಯ ಮೀನಿನ ವಾಸನೆ
ನನ್ನ ಕರವಸ್ತ್ರದಲಿ ಉಳಿದಿದೆ.

ಅಷ್ಟಾದ ಮೇಲೆ ‘ಲಾ ಲಾ ಲಾ’ ಎಂದು ಮುಗಿಸಿಬಿಟ್ಟಳು. ‘ಅಜ್ಜಿಗೆ ಇಷ್ಟೇ ಬರೋದು. ಎರಡನೇ ಚರಣ ರೆಕಾರ್ಡ್ ಮಾಡೋ ದಿನ ಸ್ಟುಡಿಯೋದಲ್ಲೇ ಕೂತು ಬರೆದಿದ್ದಂತೆ, ಒಂದೇ ಒಂದ್ಸಲ ಹಾಡಿದ್ದಂತೆ, ಮರೆತುಹೋಗಿದೆ. ರೆಕಾರ್ಡ್ ಅಂಗಡಿಗೆ ಬರೋ ಮೊದ್ಲೇ ಸರ್ಕಾರ ಬ್ಯಾನ್ ಮಾಡ್ತು, ಎಲ್ಲಾ ಪುಡಿ ಮಾಡಿಸ್ತು. ಅಜ್ಜ, ನೀನು ಹುಡುಕಿಕೊಡು. ಅರ್ಧ ಹಾಡು ಹಾಡೋಕಾಗಲ್ಲ’ ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ‘ನೀನು ಆಗ ಸಿಯೋಲ್‌ನಲ್ಲಿ ಹಾಡು ಪರೀಕ್ಷೆ ಮಾಡೋ ಆಫೀಸಲ್ಲೇ ಗುಮಾಸ್ತ ಆಗಿದ್ಯಂತೆ. ಅಜ್ಜಿ ಹಾಡು ಉಳಿಸೋಕೆ ಮೇಲಿನೋರ ಕಾಲು ಹಿಡಿದ್ಯಂತೆ. ಅಜ್ಜಿ ಇದನ್ನ ಹೇಳುವಾಗೆಲ್ಲಾ ಅಳ್ತಾಳೆ’ ಎಂದಳು. ನಾನು ಸಾರಿನ ಬಟ್ಟಲು ಎತ್ತಿ ಬಾಯಿಗಿಟ್ಟುಕೊಂಡೆ. ಬಿಸಿ ಇತ್ತು, ನಾಲಿಗೆ ಸುಟ್ಟಿತು.

ಮೂರು ದಿನ ಅವಳನ್ನು ಕರೆದುಕೊಂಡು ಊರೆಲ್ಲ ಸುತ್ತಿದೆ. ಹಳೆಯ ರೆಕಾರ್ಡು ಮಾರುವವನ ಅಂಗಡಿ ಈಗ ಕಾಫಿ ಅಂಗಡಿಯಾಗಿದೆ. ನೀನು ಹಾಡುತ್ತಿದ್ದ, ಅಮೆರಿಕದ ಸಿಪಾಯಿಗಳು ಬರುತ್ತಿದ್ದ ಕ್ಲಬ್ಬಿನ ಜಾಗದಲ್ಲಿ ಟೈರು ರಾಶಿ ಹಾಕಿದ್ದಾರೆ. ದೋಣಿ ನಿಲ್ಲುತ್ತಿದ್ದ ಕಟ್ಟೆಗೂ ಹೋದೆವು. ದೋಣಿ ನಿಂತು ಹದಿನೈದು ವರ್ಷವಾಯಿತು. ಗುಮ್ ನದಿಯ ಆಚೆ ದಡದ ಜಾಂಗ್‌ಹಾಂಗ್‌ನಲ್ಲಿ ಚಿಮಣಿ ಮಾತ್ರ ಇನ್ನೂ ನಿಂತಿದೆ. ಲೀನಾ ಅದನ್ನು ನೋಡಿ, ‘ಅಯ್ಯೋ, ನಿಜವಾಗ್ಲೂ ಇದ್ಯಲ್ಲಾ!’ ಎಂದು ಕಿರುಚಿದಳು. ಹಾಡಿನಲ್ಲಿ ಇರುವುದು ಎಲ್ಲವೂ ಕಟ್ಟುಕತೆ ಎಂದುಕೊಂಡಿದ್ದಳಂತೆ. ಎಲ್ಲಿಯೂ ರೆಕಾರ್ಡ್ ಸಿಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗು ಮುಖ ಸಣ್ಣ ಮಾಡಿಕೊಂಡು, ‘ಬೇರೆ ಹಾಡು ಆರಿಸ್ಕೋತೀನಿ, ಬಿಡು’ ಎಂದಿತು. ಅವಳ ಮುಖ ನೋಡುತ್ತಾ ನನಗೆ ಏನಾಯಿತೋ, ಚಾಪ್‌ಸ್ಟಿಕ್ಕು ಕೆಳಗಿಟ್ಟು ಹೇಳಿಬಿಟ್ಟೆ:

ದೋಣಿ ತಪ್ಪಿದರೆ ತಪ್ಪಲಿ ಬಿಡು,
ನಾಳೆಯೂ ನದಿ ಇಲ್ಲೇ ಇರುವುದು,
ಚಪ್ಪಲಿ ಎರಡೂ ಕೈಯಲಿ ಹಿಡಿದು
ನಡೆದೇ ಮನೆಗೆ ನಾ ಹೋಗುವೆನು.

ಲೀನಾ ಕುಣಿದುಬಿಟ್ಟಳು. ಫೋನಿನಲ್ಲಿ ನಾಲ್ಕು ಸಲ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು. ನಿನ್ನ ಅತ್ತಿಗೆ ಮಾತ್ರ ಕಿಮ್ಚಿ ಕತ್ತರಿಸುತ್ತಿದ್ದವಳು ಕತ್ತರಿ ನಿಲ್ಲಿಸಿ ನನ್ನನ್ನೇ ನೋಡಿದಳು. ‘ಬೆಳಿಗ್ಗೆ ಮಾತ್ರೆ ನುಂಗಿದ್ದು ನೆನಪಿರಲ್ಲ ನಿಮಗೆ, ಐವತ್ತು ವರ್ಷದ ಹಾಡು ನೆನಪಿದ್ಯಾ? ಇದನ್ನ ಎಲ್ಲಿ ಕೇಳಿದ್ರಿ?’ ಎಂದಳು. ನಾನು ಎಡಗಿವಿಯನ್ನು ಅವಳ ಕಡೆಗೆ ತಿರುಗಿಸಿದೆ.

ಅದಾದ ಎರಡು ದಿನಕ್ಕೆ ಸ್ಪರ್ಧೆ ನಡೆಸುವ ಕಚೇರಿಯಿಂದ ಬ್ಯುನ್ ಎನ್ನುವ ಹುಡುಗಿ ಫೋನ್ ಮಾಡಿದಳು. ಅಧಿಕಾರಿಯೇ ಅಂತೆ, ದನಿ ಕೇಳಿದರೆ ಇನ್ನೂ ಕಾಲೇಜು ಮುಗಿಸಿದಂತಿಲ್ಲ. ಹಾಡಿನ ಹಕ್ಕು ಯಾರದು, ಬರೆದವರು ಯಾರು, ಮನೆಯವರ ಒಪ್ಪಿಗೆ ಇದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಕೆಲಸ ಅಚ್ಚುಕಟ್ಟು, ಹಳೆಯ ಗುಮಾಸ್ತನಾಗಿ ಮೆಚ್ಚಿದೆ. ಕೊನೆಗೆ ಅವಳು, ‘ತಾತ, ಈ ಹಾಡು ನಿಷೇಧ ಆಗಿತ್ತಂತೆ ಹೌದಾ? ಎಷ್ಟು ಚೆನ್ನಾಗಿದೆ! ಅದನ್ನೇ ಎದ್ದು ಕಾಣೋ ಹಾಗೆ ಹಾಕ್ತೀವಿ. ಏನು ಕಾರಣ ಕೊಟ್ಟಿದ್ರು ಅಂತ ನೆನಪಿದ್ಯಾ? ಆಗಿನ ಕಾರಣಗಳೆಲ್ಲಾ ಓದಿದ್ರೆ ಜನ ಬಿದ್ದು ಬಿದ್ದು ನಗ್ತಾರೆ’ ಎಂದಳು. ಇಲ್ಲಮ್ಮ, ನೆನಪಿಲ್ಲ ಎಂದೆ. ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ಏನೆಂದು ಇತ್ತು ಎಂದು ಕೇಳಿದಳು. ಲಿಲಿ ಪ್ಯೋ ಎಂದೆ. ಕ್ಲಬ್ಬಿನ ಯಜಮಾನ ಇಟ್ಟ ಆ ಹೆಸರು ನಿನಗೆ ಯಾವತ್ತೂ ಹಿಡಿಸಿರಲಿಲ್ಲವಲ್ಲ. ಅದಕ್ಕೆ, ‘ನೋಡಮ್ಮ, ಅದನ್ನ ಹಾಕ್ಬೇಡಿ. ಪ್ಯೋ ಇನ್‌ಸುಕ್ ಅಂತ ಹಾಕಿ, ಬರೆದವರು ಹಾಡಿದವರು ಎರಡೂ ಅವಳೇ’ ಎಂದು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ.

ಯೊಸುವಿನಲ್ಲಿ ಸ್ಪರ್ಧೆ ನಡೆದ ಆ ಸಂಜೆಯನ್ನು ನೀನು ಮಗಳು ಮೀನಾಳ ಜೊತೆ ಕಂಪ್ಯೂಟರಿನಲ್ಲಿ ನೋಡಿದ್ದೀಯ. ಆದರೂ ಕ್ಯಾಮೆರಾ ತೋರಿಸದ್ದನ್ನು ನಾನು ಬರೆಯುತ್ತೇನೆ. ನಮ್ಮಿಬ್ಬರನ್ನು ಕರೆದೊಯ್ಯಲು ಸರ್ಕಾರವೇ ಕಾರು ಕಳಿಸಿತ್ತು. ನಿನ್ನ ಅತ್ತಿಗೆ ಮದುವೆಗೆ ಹೋಗುವವಳಂತೆ ಹಾನ್‌ಬೊಕ್ ಉಟ್ಟು ಹೊರಟಳು, ದಾರಿಯುದ್ದಕ್ಕೂ ಲಂಗ ಸುಕ್ಕಾಗುತ್ತದೆ ಎಂದು ನೆಟ್ಟಗೆ ಕೂತಿದ್ದಳು. ಕಡಲ ಪಕ್ಕದ ಮೈದಾನ, ತಲೆ ತಲೆಯಾಗಿ ಜನ. ಮೊದಲ ಸಾಲಿನಲ್ಲಿ ಸಚಿವರು, ಅವರ ಹಿಂದೆ ಬೇರೆ ಬೇರೆ ದೇಶದ ರಾಯಭಾರಿಗಳು, ಎಲ್ಲರ ಕೈಯಲ್ಲೂ ಹೊಳೆಯುವ ಕೋಲು. ಸಚಿವರು ಕೋಲನ್ನು ತಾಳಕ್ಕೆ ತಪ್ಪಾಗಿ ಆಡಿಸುತ್ತಿದ್ದರು, ಪಕ್ಕದಲ್ಲಿದ್ದ ಆಪ್ತ ಸಹಾಯಕ ಅವರ ಮೊಣಕೈ ಹಿಡಿದು ಮೆಲ್ಲಗೆ ಸರಿಮಾಡುತ್ತಿದ್ದ. ಪೆರುವಿನಿಂದ ಬಂದ ಹುಡುಗಿಯೊಬ್ಬಳು ನಮ್ಮ ಹಳೆಯ ಹಾಡನ್ನು ಒಂದು ಅಕ್ಷರ ತಪ್ಪದೆ ಹಾಡಿದಳು, ಕಣ್ಣು ಮುಚ್ಚಿದರೆ ಮೊಕ್ಪೊ ಬಂದರಿನ ಹೆಂಗಸು ಎನ್ನಬೇಕು. ನೈಜೀರಿಯಾದ ಇಬ್ಬರು ಹುಡುಗರು ಹಾಡುವ ಮೊದಲು ಸಭೆಗೆ ನೆಲ ಮುಟ್ಟಿ ನಮಸ್ಕಾರ ಮಾಡಿದರು. ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ವಯಸ್ಸಿನ ಮುದುಕನೊಬ್ಬ, ‘ನಮ್ಮ ಮಕ್ಕಳಿಗೇ ಇದು ಬರಲ್ಲ’ ಎಂದು ಗೊಣಗಿ ಮೂಗು ಒರೆಸಿಕೊಂಡ.

ಲೀನಾ ಬಂದಾಗ ಮೈದಾನದ ಗದ್ದಲ ಸ್ವಲ್ಪ ತಗ್ಗಿತು. ಉಳಿದವರ ಹಾಗೆ ಅವಳ ಹಿಂದೆ ಕುಣಿಯುವವರಿರಲಿಲ್ಲ. ಒಂದು ಗಿಟಾರು, ಅವಳು, ಅಷ್ಟೇ. ಅವಳ ಹಿಂದಿನ ದೊಡ್ಡ ಪರದೆಯ ಮೇಲೆ ‘ಜಾಂಗ್‌ಹಾಂಗ್ ದೋಣಿ. ರಚನೆ, ಗಾಯನ: ಪ್ಯೋ ಇನ್‌ಸುಕ್, ೧೯೭೫’ ಎಂದು ಮೂಡಿತು. ಮೂರಾಳೆತ್ತರದ ಅಕ್ಷರ, ತಂಗೀ. ನಿನ್ನ ಅತ್ತಿಗೆ ನನ್ನ ತೊಡೆಗೆ ಎಷ್ಟು ಜೋರಾಗಿ ಹೊಡೆದಳೆಂದರೆ ಈಗಲೂ ನೀಲಿಗಟ್ಟಿದೆ. ಮೊದಲ ಚರಣವನ್ನು ಮಗು ನಿನ್ನ ಹಾಗೆಯೇ ಹಾಡಿತು, ಸಾಲಿನ ಕೊನೆಯಲ್ಲಿ ದನಿಯನ್ನು ಸ್ವಲ್ಪ ಎಳೆದು ಬಿಡುವುದು, ಅದು. ಎರಡನೇ ಚರಣಕ್ಕೆ ಬಂದಾಗ ಅವಳು ಒಂದು ಕ್ಷಣ ನಿಲ್ಲಿಸಿ, ಕಾಲಿನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಗು ಎದ್ದಿತು. ಬರಿಗಾಲಿನಲ್ಲಿ ನಿಂತು ಹಾಡಿ ಮುಗಿಸಿದಳು. ಬಹುಮಾನ ಬರಲಿಲ್ಲ, ನಾಲ್ಕನೆಯವಳಾದಳು. ಕಜಕಸ್ತಾನದ ಐವರು ಹುಡುಗರು ಗೆದ್ದರು, ಗೆಲ್ಲಬೇಕಾದವರೇ, ಅವರ ಕಾಲಿಗೆ ಮೂಳೆಯೇ ಇಲ್ಲ. ಲೀನಾ ಅವರನ್ನು ತಬ್ಬಿಕೊಂಡು ಕುಣಿದಳು, ಹೊಟ್ಟೆ ತುಂಬ ಹುರಿದ ಕೋಳಿ ತಿಂದಳು, ಕಾರಿನಲ್ಲಿ ಅತ್ತಿಗೆಯ ಹೊಸ ಲಂಗದ ಮೇಲೆ ತಲೆಯಿಟ್ಟು ಗುನ್ಸಾನಿನವರೆಗೂ ನಿದ್ದೆ ಹೋದಳು. ನಿನ್ನ ಅತ್ತಿಗೆ ಸುಕ್ಕಿನ ಮಾತೇ ಎತ್ತಲಿಲ್ಲ.

ಭಾನುವಾರ ನೀನು ಫೋನ್ ಮಾಡಿದಾಗ ಅಷ್ಟು ಬೇಗ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟುಬಿಟ್ಟೆ ಎಂದು ಬೇಜಾರಾಗಬೇಡ. ನೀನು ಅಳುತ್ತಿದ್ದೆ, ನಗುತ್ತಿದ್ದೆ. ‘ಅಣ್ಣಾ, ಎರಡನೇ ಚರಣ ಎಲ್ಲಿ ಸಿಕ್ತು? ನನಗೇ ಮರೆತುಹೋಗಿತ್ತಲ್ಲೋ!’ ಎಂದು ಕೇಳಿದೆ. ನಾನು ಲೈನ್ ಸರಿಯಿಲ್ಲ ಎಂದೆ. ಲೈನ್ ಸರಿಯಾಗಿಯೇ ಇತ್ತು.

ಈಗ ಸಂತೋಷದ ಸುದ್ದಿ. ಆ ಬ್ಯುನ್ ಹುಡುಗಿ ಸೋಮವಾರ ಮತ್ತೆ ಫೋನ್ ಮಾಡಿದ್ದಳು. ಬರುವ ಏಪ್ರಿಲ್‌ನಲ್ಲಿ ಸಿಯೋಲ್‌ನಲ್ಲಿ ಹಿಂದೆ ನಿಷೇಧವಾದ ಹಾಡುಗಳದ್ದೇ ಒಂದು ದೊಡ್ಡ ಕಾರ್ಯಕ್ರಮ ಮಾಡುತ್ತಾರಂತೆ, ಆಮೇಲೆ ಅದನ್ನೇ ಪ್ಯಾರಿಸ್, ಜಕಾರ್ತಾ, ಮೆಕ್ಸಿಕೊಗಳಿಗೂ ಕಳಿಸುತ್ತಾರಂತೆ. ಬದುಕಿರುವ ಗಾಯಕರನ್ನು ಹುಡುಕುತ್ತಿದ್ದಾರೆ. ನಿನಗೆ ಟಿಕೆಟ್ ಕಳಿಸುತ್ತಾರೆ, ಲೀನಾಳಿಗೂ ಕಳಿಸುತ್ತಾರೆ, ಗಾಲಿಕುರ್ಚಿ ಬೇಕಿದ್ದರೆ ಅದನ್ನೂ ಕೊಡುತ್ತಾರೆ. ಅಜ್ಜಿಯೂ ಮೊಮ್ಮಗಳೂ ಒಂದೊಂದು ಚರಣ ಹಾಡಬೇಕು ಎನ್ನುವುದು ಆ ಹುಡುಗಿಯ ಆಸೆ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ಅಮ್ಮ ತೀರಿಕೊಂಡಾಗ ನೀನು ಬಂದು ಹೋದ ಮೇಲೆ ಮೂವತ್ತಾರು ವರ್ಷವಾಯಿತು. ಆಗ ನಿನ್ನನ್ನು ಕೂರಿಸಿ ಒಂದು ತುತ್ತು ನೆಮ್ಮದಿಯಾಗಿ ಉಣ್ಣಿಸಲೂ ಆಗಲಿಲ್ಲ. ಅತ್ತಿಗೆ ಈಗಲೇ ಸೋಯಾ ರಸದಲ್ಲಿ ನೆನೆಸುವ ಏಡಿಗೆ ಯಾವ ಮೀನುಗಾರನಿಗೆ ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದಾಳೆ. ಮುಂದಿನ ಕೋಣೆಯಲ್ಲಿ ನೆಲ ಬಿಸಿ ಮಾಡುವ ಕೊಳವೆ ರಿಪೇರಿ ಮಾಡಿಸುತ್ತೇನೆ, ನಿನ್ನ ಮೊಣಕಾಲಿಗೆ ಹಿತವಾಗುತ್ತದೆ. ಬರುತ್ತೀ ತಾನೆ?

ಮೀನಾಳಿಗೂ ಅಳಿಯನಿಗೂ ನಮ್ಮ ನೆನಪು ಹೇಳು. ಎಪ್ಪತ್ತೇಳು ವರ್ಷದವನ ಆಶೀರ್ವಾದ ಎಪ್ಪತ್ತೆರಡು ವರ್ಷದವಳಿಗೆ ಎಷ್ಟು ಕೆಲಸಕ್ಕೆ ಬರುತ್ತದೋ ತಿಳಿಯದು. ಇರಲಿ, ಒಣಮೀನಿನ ಜೊತೆ ಅದನ್ನೂ ತೆಗೆದಿಟ್ಟುಕೋ. ಚೆನ್ನಾಗಿ ಉಣ್ಣು, ಬಿಸಿಲು ಇರುವಾಗ ಹೊರಗೆ ನಡೆ.

ನಿನ್ನ ಅಣ್ಣ,
ಪ್ಯೋ ಇನ್‌ಹ್ವಾನ್

ತಾ. ಕ.: ಅಂಟಿಸಿದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಟ್ಯಾಕ್ಸಿ ಬರಲು ಕಾಲು ಗಂಟೆಯಿದೆ, ಅಕ್ಷರ ಓಡಿದ್ದರೆ ಕ್ಷಮಿಸು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ಲೀನಾ ಈಗ, ‘ಅಜ್ಜ, ಅದನ್ನ ಬರೆದ್ಯಾ?’ ಎಂದು ಕೇಳಿದಳು. ಆರು ಪುಟ ಬರೆದಿದ್ದೇನೆ. ಅದನ್ನು ಬರೆದಿಲ್ಲ.

ಎರಡನೇ ಚರಣ ಎಲ್ಲಿ ಸಿಕ್ಕಿತು ಎಂದು ಕೇಳಿದೆಯಲ್ಲ. ನನ್ನ ಮೇಜಿನ ಮೇಲೆ ಸಿಕ್ಕಿತು. ಎಪ್ಪತ್ತೈದರ ನವೆಂಬರ್‌ನಲ್ಲಿ ನಮ್ಮ ಕಚೇರಿಯಲ್ಲಿ ಒಬ್ಬೊಬ್ಬ ಗುಮಾಸ್ತನಿಗೂ ದಿನಕ್ಕೆ ಇಪ್ಪತ್ತು ರೆಕಾರ್ಡು ಕೊಡುತ್ತಿದ್ದರು. ಕೇಳಬೇಕು, ಹಾಳೆಯ ಮೇಲೆ ಷರಾ ಬರೆಯಬೇಕು, ಮೇಲಿನವರು ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ನಿನ್ನ ರೆಕಾರ್ಡು ನನ್ನ ಪಾಲಿಗೆ ಬಂತು. ಪಕ್ಕದವನಿಗೆ ದಾಟಿಸಬಹುದಿತ್ತು. ಹೆಸರು ನೋಡಿ ಮುಖ್ಯಸ್ಥರು, ‘ಏನಯ್ಯಾ, ಪ್ಯೋ ಅಂದ್ರೆ ನಿಮ್ಮೋರೇನು?’ ಎಂದು ಕೇಳಿದರು. ‘ಅಲ್ಲ ಸಾರ್’ ಎಂದೆ. ಅವರು ಅಲ್ಲೇ ನಿಂತಿದ್ದರು. ನಾನು ಬರೆದೆ: ‘ದೋಣಿ ತಪ್ಪಿದರೂ ಚಿಂತೆಯಿಲ್ಲ ಎಂಬ ಭಾವನೆಯು ದುಡಿಯುವ ಜನರಲ್ಲಿ ಅಲಕ್ಷ್ಯವನ್ನೂ ನಿರಾಶೆಯನ್ನೂ ಬಿತ್ತುತ್ತದೆ. ಗಾಯನ ಶೈಲಿ ಪರದೇಶದ ಅನುಕರಣೆ. ಮಾರಾಟಕ್ಕೆ ಅನರ್ಹ.’ ಬ್ಯುನ್ ಹುಡುಗಿಗೆ ನೆನಪಿಲ್ಲ ಎಂದೆನಲ್ಲ, ಒಂದಕ್ಷರವೂ ಮರೆತಿಲ್ಲ. ಹಾಗೇಕೆ ಬರೆದೆ ಎನ್ನುವುದಕ್ಕೆ ಇಷ್ಟು ವರ್ಷ ಬೇಕಾದಷ್ಟು ಕಾರಣ ಹೊಂದಿಸಿಕೊಂಡಿದ್ದೇನೆ. ಆ ತಿಂಗಳು ಕೆಲಸ ಕಾಯಂ ಆಗುವುದಿತ್ತು, ನಿನ್ನ ಅತ್ತಿಗೆ ಬಸುರಿ. ಕ್ಲಬ್ಬಿನಲ್ಲಿ ಹಾಡುತ್ತೀಯ ಎಂದು ಅಪ್ಪ ಮನೆಯಲ್ಲಿ ಮಾತು ಬಿಟ್ಟಿದ್ದರು, ಹಾಡು ನಿಂತರೆ ನೀನು ಮನೆಗೆ ಬರುತ್ತೀಯ ಎಂದುಕೊಂಡೆ. ಎಲ್ಲವೂ ನಿಜವೇ, ಯಾವುದೂ ಸಾಲದು. ನೀನು ಮನೆಗೆ ಬರಲಿಲ್ಲ, ಜರ್ಮನಿಗೆ ಹೋಗಿ ರೋಗಿಗಳ ಹಾಸಿಗೆ ಬದಲಿಸಿದೆ.

ನಾನು ಯಾರ ಕಾಲನ್ನೂ ಹಿಡಿಯಲಿಲ್ಲ. ನಿಷೇಧದ ಪಟ್ಟಿ ಹೊರಬಿದ್ದ ದಿನ ನೀನು ನನ್ನ ಬಾಡಿಗೆ ಕೋಣೆಗೆ ಬಂದು ಬಾಗಿಲಲ್ಲಿ ನಿಂತಾಗ, ‘ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಕಣೇ’ ಎಂದುಬಿಟ್ಟೆ. ನೀನು ನನ್ನ ಕೈ ಹಿಡಿದು, ‘ಬಿಡಣ್ಣ, ನಿನ್ನ ಕೆಲಸಕ್ಕೆ ತೊಂದ್ರೆ ಆದೀತು’ ಎಂದು ನನಗೇ ಸಮಾಧಾನ ಹೇಳಿದೆ. ಅಮ್ಮ ಕೊನೆಯ ದಿನದವರೆಗೂ, ತಂಗಿಗಾಗಿ ಬೇಡಿಕೊಂಡ ಮಗ ಎಂದೇ ನನ್ನನ್ನು ನೋಡಿದಳು. ಅವಳಿಗೂ ಹೇಳಲಿಲ್ಲ.

ನಿನ್ನೆ ದೋಣಿಯ ಕಟ್ಟೆಯ ಮೇಲೆ ಲೀನಾ ನೇರವಾಗಿ ಕೇಳಿದಳು. ಅಣ್ಣ ಆ ರೆಕಾರ್ಡನ್ನು ಕೇಳಿಯೇ ಇಲ್ಲ ಎಂದು ನೀನು ಅವಳಿಗೆ ಹೇಳಿದ್ದೆಯಂತೆ, ಹಾಗಿದ್ದರೆ ಚರಣ ಹೇಗೆ ಗೊತ್ತು ಎಂದು. ಅವಳಿಗೆ ಹೇಳಿದೆ. ಅವಳು, ‘ಇದನ್ನ ನನಗ್ಯಾಕೆ ಹೇಳ್ತೀರ ನೀವು? ಹಾಡು ನನ್ನದಲ್ಲ’ ಎಂದಳು. ಒಂದು ತಪ್ಪೂ ಇಲ್ಲದ ‘ನೀವು’. ರಾತ್ರಿಯ ಊಟಕ್ಕೆ ಕೂತಾಗಲೂ ‘ನೀವು’ ಎಂದೇ ಅನ್ನ ಬಡಿಸಿದಳು. ಇವತ್ತು ಬೆಳಿಗ್ಗೆ ಮತ್ತೆ ‘ನೀನು’ ಅಂದಿದ್ದಾಳೆ, ಆದರೆ ಅವಳು ಕ್ಷಮಿಸಿದ ಮಾತ್ರಕ್ಕೆ ಆಗುವುದಿಲ್ಲ.

ಏಪ್ರಿಲ್‌ಗೆ ಬಾ. ನನಗಾಗಿ ಬರಬೇಡ ಎನ್ನಲಾರೆ, ನನ್ನಿಂದಾಗಿ ಬರದೆ ಇರಬೇಡ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಅತ್ತಿಗೆ ಒಬ್ಬಳೇ ವಿಮಾನ ನಿಲ್ದಾಣಕ್ಕೆ ಬರುತ್ತಾಳೆ. ಬ್ಯುನ್ ಹುಡುಗಿಗೂ ಇವತ್ತೇ ಫೋನ್ ಮಾಡಿ ಆ ಷರಾ ಯಾರ ಕೈಬರಹವೆಂದು ಹೇಳುತ್ತೇನೆ, ಬೇಕಾದರೆ ಪರದೆಯ ಮೇಲೆ ಹಾಕಿಕೊಳ್ಳಲಿ, ಜನ ನಗಲಿ.

ಟ್ಯಾಕ್ಸಿ ಬಂತು. ಇದೊಂದನ್ನು ಹೇಳಿ ಮುಗಿಸುತ್ತೇನೆ. ಷರಾ ಬರೆಯಲು ರೆಕಾರ್ಡನ್ನು ಒಂದು ಸಲ ಕೇಳಿದರೆ ಸಾಕಿತ್ತು. ನಾನು ಮುಳ್ಳನ್ನು ಎತ್ತಿ ಎತ್ತಿ ಹಿಂದಕ್ಕಿಟ್ಟು ಮೂರು ಸಲ ಕೇಳಿದೆ. ಹಾಡು ಚೆನ್ನಾಗಿತ್ತು, ಇನ್‌ಸುಕ್. ತುಂಬ ಚೆನ್ನಾಗಿತ್ತು.